ಇಪ್ಪತ್ತಾರು ನಿಮಿಷ ಹಳೆಯ ಉಷ್ಣತೆ

ಕೊರೋನಾ ಮುಗಿದ ಮರುವರ್ಷದ ಮಾತು. ಆಗ ನಾನು ತಮಿಳುನಾಡಿನ ಪೆರಿಯನಾಯಕನಪಾಳ್ಯಂನ ಒಂದು ಸಣ್ಣ ಕಂಪನಿಯಲ್ಲಿ ಸೀನಿಯರ್ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೆ. ನೂಲಿಗೆ ಬಣ್ಣ ಹಾಕುವ ಯಂತ್ರಗಳನ್ನು ನಡೆಸುವ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ಮದುವೆಯಾಗಿ ಮೈಸೂರಿನಿಂದ ಬಂದು ಇಪ್ಪತ್ತು ವರ್ಷ ಕಳೆದಿದ್ದರೂ, ನನ್ನ ಪ್ರೋಗ್ರಾಂ ಓಡುವ ಯಂತ್ರದ ಮುಂದೆ ಒಂದು ಪೂರ್ತಿ ಶಿಫ್ಟ್ ನಾನು ಎಂದೂ ನಿಂತವಳಲ್ಲ. ಎಸಿ ರೂಮಿನಲ್ಲಿ ಕೂತು ಬಿಸಿನೀರಿನ ಲೆಕ್ಕ ಬರೆಯುತ್ತಿದ್ದೆ.

ಪಾಲಿಯೆಸ್ಟರ್ ನೂಲು ಸುಲಭಕ್ಕೆ ಬಣ್ಣ ಹಿಡಿಯುವುದಿಲ್ಲ. ಅದನ್ನು ದೊಡ್ಡ ಉಕ್ಕಿನ ಪಾತ್ರೆಯೊಳಗೆ ಇಟ್ಟು, ಮುಚ್ಚಳ ಬಿಗಿದು, ಒತ್ತಡದಲ್ಲಿ ನೀರನ್ನು ನೂರಮೂವತ್ತು ಡಿಗ್ರಿಗೆ ಕಾಯಿಸಬೇಕು. ಬಣ್ಣ ಹಿಡಿದ ಮೇಲೆ ಎಂಬತ್ತಕ್ಕಿಂತ ಕೆಳಗೆ ಇಳಿಸಿ, ಆಮೇಲೆ ಮುಚ್ಚಳ ತೆಗೆಯಬೇಕು. ಸ್ಟೀಮ್ ವಾಲ್ವನ್ನು ತೆರೆದು ಮುಚ್ಚುವುದು ಯಂತ್ರದ ಪಕ್ಕದ ಕಂಟ್ರೋಲರ್ ಪೆಟ್ಟಿಗೆ. ಅದಕ್ಕೆ ಆಜ್ಞೆ ಕೊಡುವುದು, ಒಳಗಿನ ಉಷ್ಣತೆಯನ್ನು ಓದಿ ಸ್ಕ್ರೀನ್ ಮೇಲೆ ದೊಡ್ಡದಾಗಿ ತೋರಿಸುವುದು ನಮ್ಮ ಪ್ರೋಗ್ರಾಂ.

ಅವಿನಾಶಿಯ ಆಚೆಗೆ ನೂಲಿಗೆ ಬಣ್ಣ ಹಾಕುವ ಒಂದು ಡೈಯಿಂಗ್ ಯೂನಿಟ್‌ನಿಂದ ಫೋನ್ ಬಂತು. ಮಧ್ಯಾಹ್ನ ಎರಡು ಗಂಟೆಯ ಶಿಫ್ಟಿಗೆ ಬಂದ ಆಪರೇಟರ್ ರಂಗಸಾಮಿ ಎಂಬವರು ಮುಚ್ಚಳದ ಒಂದು ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿದ್ದಾರೆ. ಬುಸ್ಸೆಂದು ನುಗ್ಗಿದ ಹಬೆ ಬಲ ಮುಂಗೈಯನ್ನು ಸುಟ್ಟಿದೆ. ಅವರು ಓಡಿಹೋಗದೆ ಸುಟ್ಟ ಕೈಯಲ್ಲೇ ಬೋಲ್ಟ್ ಬಿಗಿದಿದ್ದರಿಂದ ಜೀವ ಉಳಿದಿದೆ. ಕೆಲವೇ ನಿಮಿಷದಲ್ಲಿ ನಮ್ಮ ಪ್ರೋಗ್ರಾಂ ತಾನಾಗಿ ಸತ್ತುಹೋಗಿದೆ. ಫೋನ್ ಮಾಡಿದ ಮ್ಯಾನೇಜರ್ ತೀರ್ಪನ್ನೂ ಕೊಟ್ಟಾಗಿತ್ತು: ಆಳಿನದೇ ಅಜಾಗರೂಕತೆ, ಅವರನ್ನು ಕೆಲಸದಿಂದ ತೆಗೆಯುತ್ತೇವೆ, ನೀವೊಂದು ರಿಪೋರ್ಟ್ ಕೊಡಿ ಸಾಕು.

ನಾನು ಹೋದಾಗ ರಂಗಸಾಮಿ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಗೇಟಿನ ಬಳಿ ಕೂತಿದ್ದರು. ಐವತ್ತರ ಆಸುಪಾಸು, ಮೂರು ತಲೆಮಾರಿನಿಂದ ಅಲ್ಲೇ ನೆಲೆಸಿ ಮಗ್ಗ ನಡೆಸಿದ ಕನ್ನಡದ ಮನೆಯವರು. ನಾನು ಕನ್ನಡದವಳೆಂದು ತಿಳಿದದ್ದೇ ತಮಿಳು ಬಿಟ್ಟರು.

"ನಂಬರು ನೋಡಿಯೇ ಕೈ ಹಾಕಿದೆ ಮೇಡಂ. ಎಪ್ಪತ್ತೆಂಟು ಅಂತ ಇತ್ತು. ನನ್ನ ಮಗಳ ಮ್ಯಾಲೆ ಸತ್ಯಮಾ ಹೇಳ್ತೀನಿ."

ಸ್ಕ್ರೀನಿನಲ್ಲಿ ಅಂಕಿಯ ಕೆಳಗೆ 'ಹೀಟಿಂಗ್' ಎಂದು ಇಂಗ್ಲಿಷಿನಲ್ಲಿ ಸಣ್ಣಗೆ ಬರೆದಿರುತ್ತದೆ. ಅದನ್ನೇಕೆ ಓದಲಿಲ್ಲ ಎಂಬುದು ಮ್ಯಾನೇಜರ್ ವಾದ. ರಂಗಸಾಮಿಗೆ ಇಂಗ್ಲಿಷ್ ಬಾರದು, ಅವರು ಓದುವುದು ಅಂಕಿಯನ್ನು ಮಾತ್ರ. ಬೆಳಿಗ್ಗೆ ಕರೆಂಟ್ ಹೋಗಿ ಆ ಲಾಟ್ ತಡವಾದದ್ದನ್ನು ಹಿಂದಿನ ಶಿಫ್ಟಿನವರು ಹೇಳದೆ ಬಸ್ ಹತ್ತಿದ್ದರು. ಎಂದಿನಂತೆ ಲಾಟ್ ಮುಗಿದಿರಬೇಕಾದ ಎರಡು ಗಂಟೆಗೆ ಎಪ್ಪತ್ತೆಂಟು ಕಂಡರೆ ತಣಿದಿದೆ ಎಂದೇ ಯಾರಾದರೂ ತಿಳಿಯುತ್ತಾರೆ.

ಪ್ರೋಗ್ರಾಂ ಸಾಯುವಾಗ ವಿಂಡೋಸ್ ಒಂದು ಕ್ರ್ಯಾಶ್ ಡಂಪ್ ಫೈಲ್ ಬರೆದಿಡುತ್ತದೆ. ಪೊಲೀಸರು ಮಹಜರು ಬರೆಯುತ್ತಾರಲ್ಲ, ಯಾವ ವಸ್ತು ಎಲ್ಲಿತ್ತು ಎಂದು, ಅದೇ ಬಗೆಯದು. ಒಂದು ಪ್ರೋಗ್ರಾಂನೊಳಗೆ ಏಕಕಾಲಕ್ಕೆ ಹಲವು ಕೆಲಸಗಳು ನಡೆಯುತ್ತಿರುತ್ತವೆ. ಒಂದೊಂದಕ್ಕೂ ಥ್ರೆಡ್ ಎನ್ನುತ್ತೇವೆ. ಆ ಕ್ಷಣದಲ್ಲಿ ಪ್ರತಿಯೊಂದು ಥ್ರೆಡ್ ಯಾವ ಸಾಲಿನಲ್ಲಿ ನಿಂತಿತ್ತು, ಪ್ರೊಸೆಸರ್‌ನ ರಿಜಿಸ್ಟರ್ ಎಂಬ ಪುಟ್ಟ ಗೂಡುಗಳಲ್ಲಿ ಏನಿತ್ತು, ಯಾರು ಯಾರನ್ನು ಕರೆದು ಅಲ್ಲಿಗೆ ಬಂದರು ಎಂಬ ಸ್ಟ್ಯಾಕ್ ಎಲ್ಲವೂ ಆ ಫೈಲಿನಲ್ಲಿರುತ್ತವೆ. ಡೀಬಗರ್ ಎಂಬ ಸಾಧನದಲ್ಲಿ ಅದನ್ನು ತೆರೆದರೆ ಸತ್ತ ಪ್ರೋಗ್ರಾಂ ನಿಂತ ನಿಲುವಿನಲ್ಲೇ ಕಾಣುತ್ತದೆ.

ತೆರೆದೆ. ಉಷ್ಣತೆ ಓದುವ ಥ್ರೆಡ್ಡಿನ ಸ್ಟ್ಯಾಕ್‌ನಲ್ಲಿ, ಅದು ಕೊನೆಗೆ ಓದಿದ ಅಂಕಿ 131.2. ಸ್ಕ್ರೀನಿಗೆ ಬರೆಯುವ ಥ್ರೆಡ್ಡಿನ ಕೈಯಲ್ಲಿದ್ದ ಅಂಕಿ ಇನ್ನೂ ಎಂಬತ್ತರ ಆಸುಪಾಸಿನಲ್ಲೇ ಇತ್ತು.

ಆ ಮನುಷ್ಯ ಸುಳ್ಳು ಹೇಳಿರಲಿಲ್ಲ. ನಾನು ಬರೆದ ಪ್ರೋಗ್ರಾಂಗೆ ನಿಜ ಗೊತ್ತಿತ್ತು, ಅದು ಹೇಳಿರಲಿಲ್ಲ. ಇದೇ ಪ್ರೋಗ್ರಾಂ ಇನ್ನೂ ಹನ್ನೊಂದು ಯೂನಿಟ್‌ಗಳಲ್ಲಿ ಆ ಗಳಿಗೆಯಲ್ಲೂ ಓಡುತ್ತಿತ್ತು. ಒಂದೊಂದಕ್ಕೂ ಫೋನ್ ಮಾಡಿ, ಸ್ಕ್ರೀನ್ ನಂಬಬೇಡಿ, ಪ್ರೆಶರ್ ಗೇಜ್ ನೋಡದೆ ಮುಚ್ಚಳ ಮುಟ್ಟಬೇಡಿ ಎಂದು ಹೇಳಿದೆ.

ಎರಡು ಅಂಕಿಗಳ ನಡುವೆ ಈ ಅಂತರ ಹೇಗೆ ಬಂತೆಂದು ಆ ಫೈಲಿನಿಂದ ತಿಳಿಯುವಂತಿರಲಿಲ್ಲ. ಅದು ಮಿನಿಡಂಪ್, ಸ್ಟ್ಯಾಕ್‌ಗಳಿರುತ್ತವೆ, ಉಳಿದ ಮೆಮೊರಿ ಇರುವುದಿಲ್ಲ. ಡಿಸ್ಕ್‌ನಲ್ಲಿ ಜಾಗ ಉಳಿಸಲೆಂದು ಹಾಗೆ ಇಟ್ಟವಳು ನಾನೇ. ಆಫೀಸಿನಲ್ಲಿ ಮೂರು ದಿನ ಓಡಿಸಿದರೂ ಪ್ರೋಗ್ರಾಂ ಒಮ್ಮೆಯೂ ತಪ್ಪಲಿಲ್ಲ. ಇಡೀ ಮೆಮೊರಿಯ ಫುಲ್ ಡಂಪ್ ಬೇಕೆಂದರೆ ಅದೇ ಯೂನಿಟ್‌ನಲ್ಲಿ, ಅದೇ ಪಾತ್ರೆಯನ್ನು ಮತ್ತೆ ಕಾಯಿಸಬೇಕಿತ್ತು. ಪಾತ್ರೆಯ ಮುಂದೆ ಒಬ್ಬರು ನಿಲ್ಲಲೇಬೇಕಿತ್ತು. ತಾನೇ ನಿಲ್ಲುತ್ತೇನೆಂದು ರಂಗಸಾಮಿ ಹಟ ಹಿಡಿದರು. ತನ್ನ ಮಾತು ನಿಜವೆಂದು ತೋರಿಸಲು ಅವರಿಗೆ ಬೇರೆ ದಾರಿ ಇರಲಿಲ್ಲ.

ಕೆಟ್ಟಿದ್ದ ಹಳೆಯ ಪ್ರೆಶರ್ ಗೇಜಿನ ಬದಲು ಹೊಸದು ಹಾಕಿಸಿ, ಬೇರೆಯೇ ಒಂದು ಥರ್ಮಾಮೀಟರ್ ಕೂರಿಸಿ, ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದೆವು. ಹತ್ತಡಿ ಆಚೆ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್. ಮ್ಯಾನೇಜರ್ ಗಾಜಿನ ರೂಮಿನೊಳಗೇ ಉಳಿದರು. ಕರೆಂಟ್ ಒಮ್ಮೆ ಮಿಣುಕಿ ಯಂತ್ರದ ಎಚ್ಚರಿಕೆಯ ಸೈರನ್ ಕೂಗಿತು, ನಿಂತಿತು. ಅದಾಗಿ ಇಪ್ಪತ್ತು ನಿಮಿಷಕ್ಕೆ ಸ್ಕ್ರೀನ್ ಎಂಬತ್ತನಾಲ್ಕು ಎನ್ನುತ್ತಿದ್ದರೆ ಥರ್ಮಾಮೀಟರ್ ನೂರಹನ್ನೆರಡು ತೋರಿಸುತ್ತಿತ್ತು.

ಡಂಪ್ ಬರೆಯುವಷ್ಟು ಹೊತ್ತು ಪ್ರೋಗ್ರಾಂ ನಿಂತಲ್ಲೇ ನಿಂತಿರುತ್ತದೆ. ಕಂಟ್ರೋಲರ್‌ಗೆ ಕೊಟ್ಟ ಕೊನೆಯ ಆಜ್ಞೆ ಹಾಗೇ ಉಳಿಯುತ್ತದೆ, ಅಂದರೆ ಸ್ಟೀಮ್ ಬರುತ್ತಲೇ ಇರುತ್ತದೆ.

"ಅಣ್ಣಾ, ಈಗ ನನ್ನ ಪ್ರೋಗ್ರಾಂ ಏನೂ ಮಾಡೋದಿಲ್ಲ. ಸ್ಟೀಮ್ ನಿಲ್ಲಿಸೋಕೆ ನೀವೊಬ್ಬರೇ," ಎಂದು ಹೇಳಿ ಡಂಪ್ ತೆಗೆಯುವ ಬಟನ್ ಒತ್ತಿದೆ.

ಅವರು ಸ್ಟೀಮ್ ಪೈಪಿನ ಕೈವಾಲ್ವಿನ ಚಕ್ರ ತಿರುಗಿಸಿದರು. ಅದು ಅಲುಗಲಿಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದ ಚಕ್ರ, ಸುಟ್ಟ ಕೈ. ಗೇಜಿನ ಮುಳ್ಳು ಏರುತ್ತಿತ್ತು. ಹೊರಗೆ ಓಡಿಬಿಡಬೇಕೆಂದು ಅನ್ನಿಸಿದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಹೇಗೆ ಹೋದೆನೋ, ಹೋಗಿ ಅವರ ಕೈಯ ಪಕ್ಕ ನನ್ನ ಎರಡೂ ಕೈ ಹಾಕಿ ತೂಗಿಬಿದ್ದೆ. ಚಕ್ರ ಕಿರುಗುಟ್ಟಿ ಕಾಲು ಸುತ್ತು ತಿರುಗಿತು, ಆಮೇಲೆ ಪೂರ್ತಿ ತಿರುಗಿತು. ಮುಳ್ಳು ನಿಂತಿತು. ಇಬ್ಬರೂ ನೆಲದ ಮೇಲೆ ಕೂತುಬಿಟ್ಟೆವು.

ಈ ಸಲದ ಡಂಪ್‌ನಲ್ಲಿ ಎಲ್ಲವೂ ಇತ್ತು. ಪ್ರೋಗ್ರಾಂನೊಳಗೆ ಸಂದೇಶಗಳು ಸರದಿಯಲ್ಲಿ ನಿಲ್ಲುತ್ತವೆ, ರೇಷನ್ ಅಂಗಡಿಯ ಮುಂದೆ ಜನ ನಿಂತ ಹಾಗೆ. ಆ ಸರದಿಯಲ್ಲಿ ಇಪ್ಪತ್ತೈದು ಸಾವಿರ ಸಂದೇಶಗಳಿದ್ದವು. ಯಂತ್ರದ ಕೀಪ್ಯಾಡಿನಲ್ಲಿ ಸೈರನ್ ನಿಲ್ಲಿಸುವ ಕೀಲಿಯದೇ ಹೆಚ್ಚುಕಡಿಮೆ ಎಲ್ಲ. ಉಷ್ಣತೆಯ ಸಂದೇಶಗಳು ಅವುಗಳ ಹಿಂದೆ ಸಿಕ್ಕಿಕೊಂಡಿದ್ದವು. ಲೆಕ್ಕ ಹಾಕಿದರೆ ಅಪಘಾತದ ದಿನ ರಂಗಸಾಮಿ ಕಂಡ ಎಪ್ಪತ್ತೆಂಟು ಇಪ್ಪತ್ತಾರು ನಿಮಿಷ ಹಳೆಯದು. ಸರದಿ ಬೆಳೆದು ಮೆಮೊರಿ ತುಂಬಿದಾಗ ಪ್ರೋಗ್ರಾಂ ಸತ್ತಿತ್ತು.

ಇಪ್ಪತ್ತೇ ನಿಮಿಷದಲ್ಲಿ ಒಂದು ಕೀಲಿಯನ್ನು ಇಷ್ಟು ಸಾವಿರ ಸಲ ಒತ್ತಿದವರು ಯಾರು ಎಂದು ಕೇಳಿದೆ. ರಂಗಸಾಮಿ ಕೀಪ್ಯಾಡಿನ ಕಡೆ ನೋಡಿ ತಲೆ ತಗ್ಗಿಸಿದರು. ಅಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಮೇಲೆ, ಭಾರಕ್ಕೆಂದು ಒದ್ದೆ ಬಟ್ಟೆ ತುರುಕಿದ, ನೂಲು ಸುತ್ತುವ ಕೋನ್ ಒಂದು ಆ ಕೀಲಿಯನ್ನು ಅದುಮಿಕೊಂಡು ಕೂತಿತ್ತು. ಅದುಮಿ ಹಿಡಿದಷ್ಟು ಹೊತ್ತೂ ಕೀಲಿ ಒಂದರ ಹಿಂದೊಂದು ಸಂದೇಶ ಕಳಿಸುತ್ತಲೇ ಇರುತ್ತದೆ. ಎಲ್ಲಿ ನೋಡಿದರೂ ಕೋನ್‌ಗಳೇ ಇರುವ ಜಾಗದಲ್ಲಿ ಅದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಸೈರನ್ ಸುಮ್ಮಸುಮ್ಮನೆ ಬಡ್ಕೊಂತಾನೇ ಇರ್ತದೆ ಮೇಡಂ. ಕೋನ್ ಇಟ್ರೆ ನಿಲ್ತದೆ. ಆವತ್ತು ಹಿಂದಿನ ಶಿಫ್ಟಿನೋರು ಇಟ್ಟಿದ್ರು, ಇವತ್ತು ನನ್ನ ಕೈ ತಾನಾಗಿ ಇಟ್ಬಿಟ್ಟದೆ. ಎಲ್ಲರಿಗೂ ಕಲಿಸಿಕೊಟ್ಟದ್ದೂ ನಾನೇ."

ಮ್ಯಾನೇಜರ್‌ಗೆ ಬೇಕಾಗಿದ್ದುದು ಇಷ್ಟೇ. ಕೋನ್ ವಿಷಯ ಒಂದೇ ಸಾಕು, ಉಳಿದ ತಾಂತ್ರಿಕ ಪುರಾಣ ರಿಪೋರ್ಟಿನಲ್ಲಿ ಬೇಡ ಎಂದರು. ನಮ್ಮ ಕಂಪನಿಗೂ ಅದೇ ಹಿತವಾಗಿತ್ತು. ನನಗೂ ಆಸೆಯಾಗಲಿಲ್ಲವೆಂದರೆ ಸುಳ್ಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜವಾಗಿಯೂ ಸ್ವಲ್ಪ ಡೊಂಕಿತ್ತು. ನಾನು ಲ್ಯಾಪ್‌ಟಾಪ್ ಮುಚ್ಚುವಾಗ ರಂಗಸಾಮಿ ಬಂದು, ರಿಪೋರ್ಟಿನಲ್ಲಿ ತನ್ನ ಹೆಸರು ಬರುತ್ತದೆಯೇ ಎಂದು ಕೇಳಿದರು.

"ಬರುತ್ತೆ ಅಣ್ಣಾ. ನನ್ನ ಹೆಸರು ಮೊದಲು ಬರುತ್ತೆ."

ಹಾಗೆಯೇ ಬರೆದೆ. ಸರದಿಗೆ ಮಿತಿ ಇಡದವಳು ನಾನು. ಅಂಕಿ ಎಷ್ಟು ಹಳೆಯದೆಂದು ಸ್ಕ್ರೀನ್ ಮೇಲೆ ತೋರಿಸದವಳೂ, ಕರೆಂಟ್ ಮಿಣುಕಿದ್ದಕ್ಕೂ ಅಪಾಯಕ್ಕೂ ಒಂದೇ ಸೈರನ್ ಇಟ್ಟವಳೂ ನಾನೇ. ಕೋನ್ ಇಡುವುದನ್ನು ಎಲ್ಲರಿಗೂ ಕಲಿಸಿದವರು ರಂಗಸಾಮಿ, ಸೈರನ್ ಬಗ್ಗೆ ಅವರು ಎರಡು ಸಲ ದೂರಿದ್ದರೂ ಯಾರೂ ಕೇಳಿರಲಿಲ್ಲ ಎಂದೂ ಸೇರಿಸಿದೆ. ನಮ್ಮ ಕಂಪನಿಯಲ್ಲಿ ನನಗೆ ಕಟುವಾದ ಮಾತುಗಳು ಬಿದ್ದವು. ಹನ್ನೆರಡೂ ಯೂನಿಟ್‌ಗಳ ಪ್ರೋಗ್ರಾಂ ಬದಲಾಯಿತು. ರಂಗಸಾಮಿ ಅದೇ ಪಾತ್ರೆಯ ಮುಂದೆ ಕೆಲಸಕ್ಕೆ ಮರಳಿದರು.

ಆಮೇಲೆ ನೂರಾರು ಡಂಪ್ ಫೈಲ್ ತೆರೆದಿದ್ದೇನೆ. ಥ್ರೆಡ್, ಸ್ಟ್ಯಾಕ್, ರಿಜಿಸ್ಟರ್ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಪ್ರೋಗ್ರಾಂ ಸತ್ತಾಗ ಯಂತ್ರದ ಮುಂದೆ ಯಾರು ನಿಂತಿದ್ದರು ಎಂಬುದಕ್ಕೆ ಇಲ್ಲ. ಅದನ್ನು ಫೋನ್ ಮಾಡಿ ಕೇಳಬೇಕು. ಅವರು ಬದುಕಿದ್ದಾರೆ ಎಂದು ತಿಳಿಯುವವರೆಗೆ ಇಂದಿಗೂ ನಾನು ಫೈಲ್ ತೆರೆಯುವುದಿಲ್ಲ.