ಪೂಜೆಗೆ ಮುಂಚೆ ಬ್ರೇಕಿಗೆ ಕಾಲಿಡುವಂತಿಲ್ಲ

ಗೆಳೆಯ ಮಲ್ಲಪ್ಪ ಇಟ್ಟಂಗಿಹಾಳದಲ್ಲಿ ತಾನೇ ಕಟ್ಟುತ್ತಿದ್ದ ಕಾರಿನೊಳಗೆ ನಾನು ಬಗ್ಗಿ, ಬ್ರೇಕ್ ಪೆಡಲನ್ನು ಎರಡೂ ಕೈಯಿಂದ ಒತ್ತುತ್ತಿದ್ದೆ. ಅವನು ಚಕ್ರದ ಬಳಿ ಕೂತು ಬ್ರೇಕ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುತ್ತಿದ್ದ; ಅದು ಉಳಿದರೆ ಬ್ರೇಕ್ ಹಿಡಿಯುವುದಿಲ್ಲ.

“ಪೂಜಿ ಆಗೂತನಾ ಹೊಸಾ ಗಾಡಿಗಿ ಕಾಲ್ ಹಚ್ಚಬ್ಯಾಡ್ರಿ,” ಎಂದಿದ್ದರು ಅವನ ತಾಯಿ.

“ಹಂಗಾರ ಪೂಜಿ ಮೊದಲ ಮಾಡಬೇ,” ಎಂದ ಮಲ್ಲಪ್ಪ.

“ಅರ್ಧಾ ಆದ ಗಾಡಿಗಿ ಯಾವ ಪೂಜಿನೋ?”

ಗಾಳಿ ಹೋಗುವಷ್ಟರಲ್ಲಿ ನನ್ನ ಸೊಂಟ ಹಿಡಿದಿತ್ತು. ಗಾಡಿ ಪೂರ್ತಿಯಾದ ಮೇಲೆ ಪೂಜೆ ಮುಗಿಸಿ, ತಾಯಿಯನ್ನು ಹಿಂದೆ ಕೂರಿಸಿಕೊಂಡು ಹೊರಟೆವು. ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂತು. ಪಕ್ಕದ ಸೀಟಿನಲ್ಲಿದ್ದ ನಾನು ರೂಢಿಯಂತೆ ಬಗ್ಗಿ ಪೆಡಲಿಗೆ ಕೈ ಹಾಕಿದೆ. ಗಾಡಿ ಓಡಿಸುತ್ತಿದ್ದ ಮಲ್ಲಪ್ಪನ ಕಾಲು ನನ್ನ ಕೈ ಮೇಲೆ ಬಿತ್ತು. ಕಾರು ಎಮ್ಮೆಯಿಂದ ಗೇಣು ದೂರದಲ್ಲಿ ನಿಂತಿತು.

“ಪೂಜಿ ಆಗೇತಲ್ರಿ, ಇನ್ನೂ ಯಾಕ ಕೈ ಹಚ್ಚತೀರಿ?” ಎಂದರು ತಾಯಿ.

ನನ್ನ ಬೆರಳುಗಳು ಇನ್ನೂ ಬಾತುಕೊಂಡಿವೆ. ಬ್ರೇಕ್ ಹಿಡಿಯುತ್ತದೆಯೇ ಎಂದು ಕೇಳಿದವರಿಗೆ ಅವನ್ನೇ ತೋರಿಸುತ್ತೇನೆ.