ಕೆಂಪಿನ ಮೇಲೆ ಕೆಂಪು

ನನ್ನ ಅಂಗೈ ನೋಡಿ ಭವಿಷ್ಯ ಹೇಳಲು ಯಾವ ಜ್ಯೋತಿಷಿಗೂ ಸಾಧ್ಯವಾಗಿಲ್ಲ. ಜಮಖಂಡಿ ಬಸ್ ನಿಲ್ದಾಣದಲ್ಲಿ ಒಬ್ಬ ಪ್ರಯತ್ನಪಟ್ಟ. ಕೈ ಹಿಡಿದು, ಭೂತಗನ್ನಡಿ ಇಟ್ಟು, ಕೊನೆಗೆ "ಮೊದಲ ಕೈ ತೊಳಕೊಂಡ ಬರ್ರಿ" ಎಂದುಬಿಟ್ಟ. ತೊಳೆದೇ ಬಂದಿದ್ದೆ. ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಮನೆತನ ನಮ್ಮದು. ಸೀರೆಯ ಬಣ್ಣ ಎಂದಾದರೂ ಹೋದೀತು, ನಮ್ಮ ಕೈಯದು ಹೋಗುವುದಿಲ್ಲ. ಗಿರಾಕಿಗಳ ಮುಂದೆ ಮಾತ್ರ ಈ ಮಾತನ್ನು ಆಡುವುದಿಲ್ಲ.

ಇಂಥ ಮನೆಯಲ್ಲಿ ನನ್ನ ಹೆಂಡತಿ ಶಾಂತಾ ಮಸಾಲೆ ಖಾರ ಮಾಡಿ ಮಾರುತ್ತಾಳೆ. ಮೆಣಸಿನಕಾಯಿ, ಕೊತ್ತಂಬರಿ, ಒಣಕೊಬ್ಬರಿ, ಬಳ್ಳೊಳ್ಳಿ, ಅರಿಶಿನ, ಜೊತೆಗೆ ನನಗೂ ಹೇಳದ ಒಂದೆರಡು ಸಾಮಾನು. ಮೊದಲು ಓಣಿಯವರಿಗಷ್ಟೇ ಇತ್ತು, ಈಗ ಮುಧೋಳ, ಲೋಕಾಪುರದ ಅಂಗಡಿಗಳಿಗೂ ಹೋಗುತ್ತದೆ. ಅವಳು ಸರಕಾರದಲ್ಲಿ ನೋಂದಣಿ ಮಾಡಿಸಿ, ಆ ನಂಬರನ್ನು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸಿದಾಗ ನಾನು ನಕ್ಕಿದ್ದೆ. ಮೋಟಾರ್ ಸೈಕಲ್ಲಿಗೆ ನಂಬರ್ ಬೇಕು ಸರಿ, ಖಾರಕ್ಕೆ ಯಾಕೆ? ಖಾರ ಹೇಗಿದೆ ಎಂದು ನಾಲಿಗೆಯೇ ಹೇಳುತ್ತದಲ್ಲ ಎಂಬುದು ನನ್ನ ವಾದವಾಗಿತ್ತು.

ಹೋದ ಬೇಸಿಗೆಯಲ್ಲಿ ಆಹಾರ ಸುರಕ್ಷತಾ ಅಧಿಕಾರಿ ತಪಾಸಣೆಗೆ ಬಂದರು. ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಚಹಾ ಬೇಡವೆಂದರು. ಚಹಾ ಬೇಡವೆನ್ನುವ ಅಧಿಕಾರಿಯನ್ನು ಕಂಡರೆ ನಮ್ಮ ಕಡೆ ಎದೆ ಧಸಕ್ಕೆನ್ನುತ್ತದೆ. ಅಡುಗೆಮನೆ ನೋಡಿ, ಡಬ್ಬಿಗಳ ಮುಚ್ಚಳ ತೆಗೆಸಿ ನೋಡಿ, ಮಾಳಿಗೆ ಹತ್ತಿದರು. ಅಲ್ಲಿ ಶಾಂತಾಳ ಮೆಣಸಿನಕಾಯಿ ಹರವಿತ್ತು. ಪಕ್ಕದಲ್ಲೇ ಬಿದಿರಿನ ಗಳದ ಮೇಲೆ ನನ್ನ ನೂಲಿನ ಲಡಿಗಳು ಒಣಗುತ್ತಿದ್ದವು. ಅವೂ ಕೆಂಪು. ಹಿತ್ತಲಲ್ಲಿ ಜಾಗ ಸಾಲದೆ ಆ ತಿಂಗಳು ನಾನೇ ಮೇಲೆ ಹೊತ್ತು ತರುತ್ತಿದ್ದೆ. ಸಾಕಷ್ಟು ಅಂತರ ಬಿಟ್ಟಿದ್ದೇನೆಂದು ನನ್ನ ನಂಬಿಕೆ. ಗಾಳಿಗೆ ಅದು ಗೊತ್ತಿರಬೇಕಲ್ಲ!

ಅವರು ಬೈಯಲಿಲ್ಲ. ಅದೇ ಮಾಳಿಗೆಯಲ್ಲಿ ಒಣಗಿಸಿ ಕುಟ್ಟಿಸಿಟ್ಟಿದ್ದ ಖಾರವನ್ನೇ ನಾಲ್ಕು ಪಾಲು ಮಾಡಿ, ಮೊಹರು ಹಾಕಿ, ಪರೀಕ್ಷೆಗೆಂದು ಒಯ್ದರು.

"ಮೆಣಸಿನಕಾಯಿ ಮ್ಯಾಲ ಲಡಿ ಹನಿ ಬಿದ್ದಾವೇನ್ರಿ?" ಶಾಂತಾ ಕೇಳಿದಳು.

ನನಗೆ ಖರೆ ಗೊತ್ತಿರಲಿಲ್ಲ. ಹಪ್ಪಳದ ಮೇಲೆ ಬಿದ್ದಿದ್ದರೆ ಕಂಡೇ ಕಾಣುತ್ತಿತ್ತು. ಕೆಂಪಿನ ಮೇಲೆ ಕೆಂಪು ಬಿದ್ದರೆ ಯಾರಿಗೆ ಕಾಣುತ್ತದೆ?

ಅವಳು ಅಂಗಡಿಯವರಿಗೆಲ್ಲ ತಾನೇ ಫೋನ್ ಮಾಡಿ ಪ್ಯಾಕೆಟ್ಟುಗಳನ್ನು ಒಳಗಿಡಲು ಹೇಳಿದಳು. "ಯಾರೂ ಕೇಳಿಲ್ಲ, ಸುಮ್ಮನ ಯಾಕ ಡಂಗುರಾ ಹೊಡಿತಿ?" ಎಂದೆ. "ಮಂದಿ ನನ್ನ ಕೈ ನಂಬಿ ತಿಂತಾರ. ಗೊತ್ತಾಗೂತನಕ ತಿನ್ನೂದ ಬ್ಯಾಡ" ಎಂದಳು. ವರ್ಷಗಟ್ಟಲೆ ಕಟ್ಟಿದ ಹೆಸರು ಹೋಗುವ ಹೊತ್ತಿನಲ್ಲಿ ಅವಳಿಗೆ ಮಂದಿಯ ಹೊಟ್ಟೆಯ ಚಿಂತೆ. ನನಗೆ ನಾಚಿಕೆಯಾಯಿತು.

ಹಿಂದೆ ಅರಸರ ತಾಟನ್ನು ಮೊದಲು ಬೇರೊಬ್ಬನು ರುಚಿ ನೋಡುತ್ತಿದ್ದನಂತೆ. ಅವನು ಬದುಕಿ ಉಳಿದರೆ ಅರಸರ ಊಟ. ಮುಧೋಳ, ಜಮಖಂಡಿ ಎರಡೂ ಸಂಸ್ಥಾನಗಳೇ, ಇಲ್ಲೂ ಅಂಥವರು ಇದ್ದಿರಬಹುದು. ಈಗ ಅರಸೊತ್ತಿಗೆ ಹೋಗಿ, ಲೋಕಾಪುರದ ಕೂಲಿಯವನ ರೊಟ್ಟಿ-ಖಾರಕ್ಕೂ ಮೊದಲು ನೋಡುವವರೊಬ್ಬರು ಬಂದಿದ್ದಾರೆ. ಪ್ರಜಾಪ್ರಭುತ್ವ ಎಂಬುದು ಊಟದ ತಾಟಿನವರೆಗೆ ಬಂದದ್ದು ನನಗೆ ಹೊಳೆದಿರಲೇ ಇಲ್ಲ. ಹೊಳೆಯಲು ನನ್ನ ತಾಟೇ ಸಿಕ್ಕಿಬೀಳಬೇಕಾಯಿತು.

ಕಾಯುವುದಾಗದೆ ನಾನೂ ಒಂದು ಪರೀಕ್ಷೆ ಮಾಡಿದೆ. ಬಿಳಿ ನೂಲನ್ನು ಖಾರದ ನೀರಲ್ಲಿ ಅದ್ದಿ, ಹಿಂಡಿ, ತೊಳೆದು, ಬಿಸಿಲಿಗೆ ಹಿಡಿದೆ. ಕೆಂಪೆಂದರೆ ಕೆಂಪು, ಹಳದಿಯೆಂದರೆ ಹಳದಿ. ಮೆಣಸಿನಕಾಯಿಯದೋ, ಅರಿಶಿನದ್ದೋ, ನನ್ನ ಕೈಯದೇ ಹತ್ತಿತೋ ತಿಳಿಯಲಿಲ್ಲ. ಜನ್ಮವಿಡೀ ಬಣ್ಣದಲ್ಲೇ ಮುಳುಗಿ ಎದ್ದವನಿಗೆ ಬಣ್ಣದ ಗುರುತು ಹತ್ತಲಿಲ್ಲ! ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ರೊಟ್ಟಿಯ ಜೊತೆ ಬರೀ ಮೊಸರು.

ಕಡೆಗೊಂದು ಮಧ್ಯಾಹ್ನ ಫೋನ್ ಬಂತು. ಅದೇ ಅಧಿಕಾರಿ. "ಅಕ್ಕಾರ, ನಿಮ್ಮ ಖಾರ ಸ್ವಚ್ಛ ಐತ್ರಿ. ಬಣ್ಣ ಏನೂ ಸಿಕ್ಕಿಲ್ಲ. ಆದ್ರ ಮಾಳಗಿ ಮ್ಯಾಲ ನೂಲು ಒಣಗಸೂದು ಇವತ್ತಿಗೇ ಬಂದ್ ಮಾಡ್ರಿ."

ಶಾಂತಾ "ಆತ್ರಿ, ಆತ್ರಿ" ಎನ್ನುತ್ತ ಕಣ್ಣೊರೆಸಿಕೊಂಡು ನಕ್ಕಳು. ನಾನು ಬಿಟ್ಟ ನಿಟ್ಟುಸಿರಿಗೆ ನನ್ನ ಪರೀಕ್ಷೆಗೆಂದು ತಾಟಿನಲ್ಲಿ ಸುರಿದಿಟ್ಟಿದ್ದ ಖಾರ ಹಾರಿ ಇಬ್ಬರೂ ಸೀನಿದೆವು. ಸೀನಿದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಮರುದಿನ ಲಡಿ ಹೊತ್ತು ಅಭ್ಯಾಸಬಲದಿಂದ ಮೆಟ್ಟಿಲು ಹತ್ತಿದರೆ ಮಾಳಿಗೆಯ ಬಾಗಿಲಿಗೆ ದೊಡ್ಡ ಬೀಗ.

"ಮೇಡಂ ಹೇಳ್ಯಾರಲ್ಲ, ನಾ ಅವರ ಮಾತು ಕೇಳತಿದ್ದೆ. ಕೀಲಿ ಯಾಕ ಮತ್ತ?" ಎಂದು ಕೂಗಿದೆ.

ಕೆಳಗಿನಿಂದ ಶಾಂತಾ ಅಂದಳು: "ಅವರು ವರ್ಷಕ್ಕ ಒಮ್ಮೆ ಬರತಾರ್ರಿ. ನಾ ದಿನಾ ಇರತೇನಿ."

ಒದ್ದೆ ಲಡಿಗಳನ್ನು ಹೆಗಲಿಗೇರಿಸಿ ಹಿತ್ತಲಿಗೆ ಇಳಿದೆ. ದಿನವೂ ಭಾರವೆನಿಸುವ ನೂಲು ಅಂದು ಏನೂ ಭಾರವೆನಿಸಲಿಲ್ಲ.