ಇನ್ನೂರ ಐವತ್ತೈದು ಕಾಲಮ್ಮು, ನಲವತ್ತೆರಡು ಮಂದಿ

ಕೂಡ್ಲಿಗಿಯ ಗಾಳೆಮ್ಮನಿಗೆ ಚಿಕ್ಕಂದಿನಿಂದಲೂ ಒಂದು ಚಟ. ಯಾವುದು ಸಾಲದೋ ಅದನ್ನು ಅಗಲ ಮಾಡುವುದು. ಹೈಸ್ಕೂಲಿನಲ್ಲಿದ್ದಾಗ ಒಂದೇ ಲಂಗದ ಹೊಲಿಗೆ ಬಿಚ್ಚಿ, ಪಟ್ಟಿ ಸೇರಿಸಿ, ಮೂರು ವರ್ಷ ಉಟ್ಟಳು. ನೋಟ್‌ಬುಕ್ಕಿನ ಪುಟ ಸಾಲದಿದ್ದರೆ ಅಂಚಿಗೆ ಹಾಳೆ ಅಂಟಿಸಿಕೊಂಡು ಬರೆದಳು. ಕಂಪ್ಯೂಟರ್ ಕಲಿತ ಮೇಲಂತೂ ಈ ಚಟಕ್ಕೆ ಹೇಳುವವರು ಕೇಳುವವರು ಇಲ್ಲದಂತಾಯಿತು. ಅಲ್ಲಿ ಅಗಲ ಮಾಡಲು ಕತ್ತರಿಯೂ ಬೇಡ, ಅಂಟೂ ಬೇಡ.

ಹೊಸಪೇಟೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಮುಗಿಸಿ ಬಂದವಳನ್ನು ಕೊಟ್ಟೂರಿನ ಒಂದು ಟ್ರಸ್ಟ್ ಆಸ್ಪತ್ರೆಯವರು ತಾತ್ಕಾಲಿಕ ಎಂದು ಕೆಲಸಕ್ಕೆ ಸೇರಿಸಿಕೊಂಡರು. ಅದು ತೊಂಬತ್ತೇಳನೇ ಇಸವಿ. ಆಸ್ಪತ್ರೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಸೆಕ್ರೆಟರಿ ಗಂಗಾಧರ ಮಾಸ್ತರರು ನಿವೃತ್ತ ಹೆಡ್‌ಮಾಸ್ತರರು. ಅವರು ಅದಕ್ಕೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿ, ಆ ಕೋಣೆಗೆ ಚಪ್ಪಲಿ ಮೆಟ್ಟಿ ಬರಬಾರದು ಎಂದು ಬೋರ್ಡು ಬರೆಸಿದ್ದರು. ಆಪರೇಷನ್ ಕೋಣೆಗೂ ಅಷ್ಟು ಮಡಿ ಇರಲಿಲ್ಲ.

ಟ್ರಸ್ಟಿನವರು ಸುತ್ತಲಿನ ಹಳ್ಳಿಗಳಿಗೆ ಆರೋಗ್ಯ ಕಾರ್ಡು ಕೊಡುವುದಾಗಿ ಸಾರಿದ್ದರು. ಒಂದು ಮನೆಗೆ ಒಂದು ಕಾರ್ಡು. ಕಾರ್ಡಿನಲ್ಲಿ ಹೆಸರಿದ್ದವರಿಗೆ ಪುಕ್ಕಟೆ ತಪಾಸಣೆ. ಅದರ ಪ್ರೋಗ್ರಾಮನ್ನು ಫಾಕ್ಸ್‌ಪ್ರೋ ಎಂಬ ಸಾಫ್ಟ್‌ವೇರಿನಲ್ಲಿ ಬರೆಯುವ ಕೆಲಸ ಗಾಳೆಮ್ಮನದು. ಯುಗಾದಿ ಕಳೆದ ಎರಡನೇ ಭಾನುವಾರ ಸಮಾರಂಭ. ಮೊದಲ ಕಾರ್ಡು ತಂಬ್ರಹಳ್ಳಿಯ ಕರಿಯಕ್ಕನ ಕೈಗೆ, ಯಾಕೆಂದರೆ ಸುತ್ತಮುತ್ತ ಅಷ್ಟು ದೊಡ್ಡ ಮನೆ ಬೇರೆ ಇಲ್ಲ.

“ಅವತ್ತು ಆಯಮ್ಮ ಕಾರ್ಡು ತಗಂಡ್ಳು ಅಂದ್ರ ನೀನು ಖಾಯಂ,” ಎಂದರು ಗಂಗಾಧರ ಮಾಸ್ತರರು. “ತಗಳಿಲ್ಲ ಅಂದ್ರ ಸೋಮವಾರದಿಂದ ಬರೂದು ಬ್ಯಾಡವ್ವ.”

ಗಾಳೆಮ್ಮನ ಅಪ್ಪ ಸುಂಕಪ್ಪ ಗಾರೆ ಕೆಲಸದವನು. ಅವನ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ತಿಂಗಳ ಸಂಬಳದ ನೌಕರಿ ಕಂಡವರಲ್ಲ. ಮಗಳು ಹೇಳಿದ್ದರಲ್ಲಿ ಮೊದಲರ್ಧ ಮಾತ್ರ ಅವನ ಕಿವಿಗೆ ಬಿತ್ತು. ಮಗಳು ಖಾಯಂ ಆದಳೆಂದು ಓಣಿಗೆಲ್ಲ ಹೇಳಿಬಿಟ್ಟ. ಇನ್ನು ಹಿಂದೆ ಸರಿಯುವುದೆಂದರೆ ಗಾಳೆಮ್ಮ ಇಡೀ ಓಣಿಗೆ ಉತ್ತರ ಹೇಳಬೇಕಿತ್ತು.

ಕೆಲಸ ಚೆನ್ನಾಗಿಯೇ ಶುರುವಾಯಿತು. ಹೆಸರಿನ ಕಾಲಮ್ಮಿಗೆ ಮೊದಲು ಹದಿನೈದು ಅಕ್ಷರದ ಜಾಗ ಕೊಟ್ಟಿದ್ದಳು. ಬಾಗಳಿಯ ಒಬ್ಬ ನಾಗಲಿಂಗಮ್ಮ ತನ್ನ ಹೆಸರಿಗೆ ಮೊದಲು ಊರು, ಅಡ್ಡಹೆಸರು, ಗಂಡನ ಹೆಸರು ಎಲ್ಲ ಸೇರಿಸಿ ಹೇಳಿದಾಗ ಕಾರ್ಡಿನಲ್ಲಿ ಊರು, ಅಡ್ಡಹೆಸರು, ಗಂಡ ಉಳಿದು ನಾಗಲಿಂಗಮ್ಮನೇ ಹಾರಿಹೋದಳು. ಗಾಳೆಮ್ಮ ನಕ್ಕು ಹದಿನೈದನ್ನು ನಲವತ್ತು ಮಾಡಿದಳು. ಅಗಲ ಮಾಡುವುದೇ ತಾನೇ.

ಇನ್ನು ಮನೆಯ ಮಂದಿ. ಒಂದು ಮನೆಗೆ ಒಂದು ಸಾಲು, ಆ ಸಾಲಿನಲ್ಲಿ ಮಂದಿಯನ್ನು ಒಬ್ಬರ ಪಕ್ಕ ಒಬ್ಬರನ್ನು ಕೂರಿಸಿದಳು. ಒಬ್ಬೊಬ್ಬರಿಗೂ ಆರು ಕಾಲಮ್ಮು: ಹೆಸರು, ಸಂಬಂಧ, ವಯಸ್ಸು, ಗಂಡೋ ಹೆಣ್ಣೋ, ರಕ್ತದ ಗುಂಪು, ಕಾಯಿಲೆ. ಹಾಗೆ ಎಷ್ಟು ಜನಕ್ಕೆ ಜಾಗ ಬಿಡಬೇಕು? ಗಾಳೆಮ್ಮನ ಮನೆಯಲ್ಲಿ ಒಂದೇ ಕೋಣೆಯಲ್ಲಿ ಐದು ಜನ ಮಲಗುತ್ತಿದ್ದರು. ಐದನ್ನು ಇಮ್ಮಡಿ ಮಾಡಿ, ಇರಲಿ ಎಂದು ಎರಡು ಸೇರಿಸಿ ಹನ್ನೆರಡು ಎಂದು ಬರೆದಳು. ಬರೆದು ತನ್ನ ದೊಡ್ಡ ಮನಸ್ಸನ್ನು ತಾನೇ ಮೆಚ್ಚಿಕೊಂಡಳು.

ಆಮೇಲೆ ತಂಬ್ರಹಳ್ಳಿಗೆ ಹೋದಳು.

ಕರಿಯಕ್ಕನಿಗೆ ಎಪ್ಪತ್ತೆಂಟು ವರ್ಷ. ಐದು ಗಂಡುಮಕ್ಕಳು, ಅವರ ಹೆಂಡಿರು, ಮೊಮ್ಮಕ್ಕಳು, ಮೊಮ್ಮಕ್ಕಳ ಹೆಂಡಿರು, ಅವರ ಮಕ್ಕಳು, ಎಲ್ಲರಿಗೂ ಒಂದೇ ಒಲೆ. ದಿನಾ ಮಧ್ಯಾಹ್ನ ಆಕೆ ರೊಟ್ಟಿ ಬುಟ್ಟಿಯ ಪಕ್ಕ ಕೂತು, ಉಂಡು ಎದ್ದವರನ್ನು ಬೆರಳಲ್ಲಿ ಎಣಿಸುತ್ತಾಳೆ. ಎಲ್ಲರದೂ ಆಯಿತು ಎಂದು ಖಾತ್ರಿಯಾದ ಮೇಲೆಯೇ ತನ್ನ ತಟ್ಟೆ ಎಳೆದುಕೊಳ್ಳುವುದು. ಐವತ್ತು ವರ್ಷದಿಂದ ಆ ಮನೆಯಲ್ಲಿ ಕೊನೆಯ ಊಟ ಅವಳದೇ.

“ಯಾರ ಪೈಕಿ ಅವ್ವ ನೀನು?” ಎಂದು ಕರಿಯಕ್ಕ ಬಾಗಿಲಲ್ಲೇ ಕೇಳಿದಳು.

“ಕೂಡ್ಲಿಗಿ ಅಂಬೇಡ್ಕರ್ ನಗರ್ರಿ ಅಜ್ಜಿ. ಸುಂಕಪ್ಪನ ಮಗಳು.”

ಕರಿಯಕ್ಕ ಹ್ಞೂಂ ಅಂದಳು, ಅಷ್ಟೇ. ಗಾಳೆಮ್ಮ ಹೊರಗಿನ ಕಟ್ಟೆಯ ಮೇಲೆ ಕೂತಳು. ಚಹಾ ಕಟ್ಟೆಗೇ ಬಂತು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಇವಳೂ ಏಳಲಿಲ್ಲ. ಕಾರಣ ಇಬ್ಬರಿಗೂ ಗೊತ್ತಿತ್ತು. ಗಾಳೆಮ್ಮನಿಗೆ ಒಳಗೊಳಗೇ ಸಿಟ್ಟು ಬಂದರೂ, ಪೆನ್ನಿನ ಮುಚ್ಚಳ ಕಚ್ಚಿಕೊಂಡು ಹೆಸರು ಬರೆಯತೊಡಗಿದಳು.

“ಹಿರೇರ ಹೆಸರು ಮೊದಲು,” ಎಂದು ಅಪ್ಪಣೆಯಾಯಿತು. ಹಿರಿಯರಿಂದ ಕಿರಿಯರಿಗೆ ಇಳಿಯುತ್ತಾ ಹೋದರೆ ಪಟ್ಟಿ ಮುಗಿಯುವುದೇ ಇಲ್ಲ. ಕೊನೆಗೆ ನಿಂತದ್ದು ನಲವತ್ತೊಂದಕ್ಕೆ.

ಗಾಳೆಮ್ಮ ಕೊಟ್ಟೂರಿಗೆ ಬಂದು ಅಷ್ಟನ್ನೂ ಕಂಪ್ಯೂಟರಿಗೆ ಹಾಕಿದಳು. ಕಂಪ್ಯೂಟರು ಹನ್ನೆರಡು ಜನರನ್ನು ಇಟ್ಟುಕೊಂಡಿತು. ಮಿಕ್ಕ ಇಪ್ಪತ್ತೊಂಬತ್ತು ಜನರನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿತು. ಅದನ್ನು ನೋಡದೆಯೇ ಗಾಳೆಮ್ಮ ಪರೀಕ್ಷೆಗೆಂದು ಒಂದು ಕಾರ್ಡು ತೆಗೆದು ಕಳಿಸಿದಳು. ಆ ಕಾರ್ಡು ಹಿಡಿದು ತಪಾಸಣೆಗೆ ಬಂದವಳು ಮೊಮ್ಮಗನ ಹೆಂಡತಿ ಗೀತಮ್ಮ. ಎರಡನೇ ಬಸುರು, ದಿನ ತುಂಬಿತ್ತು. ಕೌಂಟರಿನವನು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, “ನಿನ್ನ ಹೆಸರು ಈ ಮನಿಯಾಗ ಇಲ್ಲಲ್ಲವ್ವ,” ಅಂದ. ಡಾಕ್ಟರು ಅವಳನ್ನು ನೋಡಿ ಕಳಿಸಿದರು ನಿಜ. ಆದರೆ ಗೀತಮ್ಮ ದಾರಿಯುದ್ದಕ್ಕೂ ಬಸ್ಸಿನಲ್ಲಿ ಅತ್ತುಕೊಂಡು ಹೋದಳು.

ಮರುದಿನ ಗಾಳೆಮ್ಮ ತಂಬ್ರಹಳ್ಳಿಗೆ ಓಡಿದಳು. ದಾರಿಯಲ್ಲಿ ಉಪಾಯವೊಂದು ಹೊಳೆದಿತ್ತು.

“ಅಜ್ಜೀ, ನಾಕು ಕಾರ್ಡು ಮಾಡಿಬಿಡ್ತೀನ್ರಿ. ಹತ್ತತ್ತು ಮಂದಿಗೆ ಒಂದೊಂದು.”

ಕರಿಯಕ್ಕ ಎದ್ದು ನಿಂತಳು. “ನಾಕು ಕಾರ್ಡಂದ್ರ ನಾಕು ಮನಿ ಆದಂಗಾತಲ್ಲ! ನನ್ನ ಮಕ್ಕಳೇ ಐವತ್ತು ವರ್ಷದಾಗ ಪಾಲು ಕೇಳಿಲ್ಲ. ನೀನು ಕೊಟ್ಟೂರಿಂದ ಬಸ್ ಹತ್ತಿ ಬಂದು ನನ್ನ ಮನಿ ಒಡೀತೀಯೇನು? ಒಂದು ಒಲಿ, ಒಂದು ಕಾರ್ಡು. ಆಗಂಗಿದ್ರ ಕೊಡು, ಇಲ್ಲಾಂದ್ರ ನಿಮ್ಮ ಸಮಾರಂಭಕ್ಕ ನಾ ಬರಂಗಿಲ್ಲ.”

ಗಾಳೆಮ್ಮ ಹಿಂದಿರುಗಿ ಬಂದು, ತನಗೆ ಗೊತ್ತಿದ್ದ ಒಂದೇ ವಿದ್ಯೆ ಪ್ರಯೋಗಿಸಿದಳು. ಅಗಲ ಮಾಡಿದಳು. ಎರಡು ದಿನ ಕೂತು ಕಾಲಮ್ಮಿನ ಪಕ್ಕ ಕಾಲಮ್ಮು ಜೋಡಿಸಿದಳು. ಫಾಕ್ಸ್‌ಪ್ರೋ ಒಂದು ಸಾಲಿನಲ್ಲಿ ಇನ್ನೂರ ಐವತ್ತೈದು ಕಾಲಮ್ಮಿಗಿಂತ ಹೆಚ್ಚು ಒಪ್ಪುವುದಿಲ್ಲ ಎಂದು ಪುಸ್ತಕದಲ್ಲಿ ಓದಿದ್ದಳು. ಲೆಕ್ಕ ಹಾಕಿದಳು. ನಲವತ್ತೊಂದು ಜನಕ್ಕೆ ಆರರಂತೆ ಇನ್ನೂರ ನಲವತ್ತಾರು. ಮನೆ ನಂಬರು, ಊರು, ತಾಲ್ಲೂಕು ಅಂತ ಇನ್ನೆಂಟು. ಒಟ್ಟು ಇನ್ನೂರ ಐವತ್ತನಾಲ್ಕು. ಹಿಡಿಸಿತು! ಒಂದು ಕಾಲಮ್ಮು ಉಳಿಯಿತು ಕೂಡ. ಗಾಳೆಮ್ಮ ಚಪ್ಪಲಿಯನ್ನೂ ಮೆಟ್ಟದೆ ಗಂಗಾಧರ ಮಾಸ್ತರರ ಕೋಣೆಗೆ ಓಡಿ ಸುದ್ದಿ ಮುಟ್ಟಿಸಿದಳು.

ಹೆಸರುಗಳನ್ನು ಇನ್ನೊಮ್ಮೆ ತಾಳೆ ನೋಡಲು ತಂಬ್ರಹಳ್ಳಿಗೆ ಹೋದರೆ, ಕರಿಯಕ್ಕ ಸಕ್ಕರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಬಾರವ್ವ, ಬಾಯಿ ತೆಗಿ. ಗೀತಮ್ಮ ನಸುಕಿನಾಗ ಹಡದ್ಳು. ಹೆಣ್ಣುಕೂಸು. ಬರಕ, ನಲವತ್ತೆರಡು.”

ಗಾಳೆಮ್ಮ ಸಕ್ಕರೆ ಬಾಯಲ್ಲಿಟ್ಟುಕೊಂಡು ಅಳುವಂತಾದಳು. ಆರು ಕಾಲಮ್ಮು ಬೇಕು, ಇರುವುದು ಒಂದು. ಕಟ್ಟೆಯ ಮೇಲೆ ಕುಸಿದು ಕೂತು ತನ್ನ ಸಂಕಟವನ್ನು ಅಜ್ಜಿಗೆ ಆದಷ್ಟು ಬಿಡಿಸಿ ಹೇಳಿದಳು.

“ಒಂದು ಖಾಲಿ ಐತಿ ಅಂತೀ,” ಎಂದಳು ಕರಿಯಕ್ಕ. “ಕೂಸು ಎಷ್ಟು ಐತಿ? ಇಷ್ಟ್ ಐತಿ. ಹೆಸರಿಲ್ಲ, ರೋಗಿಲ್ಲ. ಒಂದರಾಗ ಹಿಡಸಂಗಿಲ್ಲೇನು?”

ಗಂಗಾಧರ ಮಾಸ್ತರರೂ ತಮ್ಮ ಪಾಲಿನ ಸಲಹೆ ಕೊಟ್ಟರು. ಕಾಯಿಲೆಯ ಕಾಲಮ್ಮು ತೆಗೆದುಬಿಟ್ಟರೆ ಬೇಕಾದಷ್ಟು ಜಾಗ ಆಗುತ್ತದಂತೆ. ಆಸ್ಪತ್ರೆಯ ಕಾರ್ಡಿನಲ್ಲಿ ಕಾಯಿಲೆ ಇಲ್ಲದಿದ್ದರೆ ಇನ್ನೇನು ಇರಬೇಕು ಎಂದು ಕೇಳುವ ಧೈರ್ಯ ತಾತ್ಕಾಲಿಕ ನೌಕರಳಿಗೆ ಇರಲಿಲ್ಲ. ಎಲ್ಲರ ಹೆಸರನ್ನೂ ಒಂದೇ ಕಾಲಮ್ಮಿಗೆ ತುರುಕಿ ನೋಡಿದಳು. ಅದು ಇನ್ನೂರ ಐವತ್ತನಾಲ್ಕು ಅಕ್ಷರಕ್ಕೆ ಬಾಯಿ ಮುಚ್ಚಿಕೊಂಡಿತು. ಹತ್ತಾರು ಜನರ ನಂತರ ಯಾರದೋ ಅರ್ಧ ಹೆಸರು ನೇತಾಡುತ್ತಿತ್ತು. ಸಮಾರಂಭಕ್ಕೆ ಉಳಿದದ್ದು ಎಂಟು ದಿನ. ಹಾಗೂ ಹೀಗೂ ಜಾಗ ಮಾಡಿದರೂ ಆ ಮನೆಯಲ್ಲಿ ಇನ್ನೂ ಇಬ್ಬರು ಬಸುರಿಯರಿದ್ದರು!

ಕೈಚೆಲ್ಲಿದವಳು, ಆಗುವುದಿಲ್ಲ ಎಂದು ತಾನೇ ಹೇಳಿಬಿಡೋಣ ಎಂದು ಸಂಜೆ ಹೊತ್ತಿಗೆ ಮತ್ತೆ ತಂಬ್ರಹಳ್ಳಿಯಲ್ಲಿ ಇಳಿದಳು. ಊರ ದನಗಳು ಹಿಂಡಾಗಿ ಮೇದು ಬರುತ್ತಿದ್ದವು. ದಾರಿ ತುಂಬ ಧೂಳು. ಗಾಳೆಮ್ಮ ಬದಿಗೆ ನಿಂತಳು. ಕರಿಯಕ್ಕನ ಹಿರಿಮಗ ಗಾದೆಪ್ಪ ಬಾಗಿಲ ಮುಂದೆ ಕೂತು, ಒಂದು ಕರುವಿನ ಕೊರಳಿಗೆ ಮೂರು ಗಂಟಿನ ಕೆಂಪು ಹುರಿ ಕಟ್ಟುತ್ತಿದ್ದ.

“ಯಾಕ್ರಿ ಯಜಮಾನ್ರ, ಅದು?”

“ನಾಳಿಂದ ಹಿಂಡಿನ ಕೂಡ ಹೊಂಡತೈತಿ. ಮೂರು ಗಂಟು ಅಂದ್ರ ನಮ್ಮನೀದು. ಎರಡು ಗಂಟು ಆ ಉಜ್ಜಿನಪ್ಪನ ಮನೀದು.”

“ಒಂದೊಂದು ಮನೀದು ಬ್ಯಾರೆ ಬ್ಯಾರೆ ಹೊಡಕಂಡು ಹೋಗಂಗಿಲ್ಲೇನ್ರಿ?”

ಗಾದೆಪ್ಪ ಇವಳನ್ನು ಪಾಪ ಎಂಬಂತೆ ನೋಡಿದ. “ಊರಿಗೆಲ್ಲಾ ಒಂದಾ ಹಿಂಡು. ಕೊಳ್ಳಾಗ ಗುರುತು ಇದ್ರ ಆತಲ್ಲ. ನೂರು ಬರಲಿ, ಸಾವಿರ ಬರಲಿ.”

ಗಾಳೆಮ್ಮ ಧೂಳಿನಲ್ಲೇ ನಿಂತುಬಿಟ್ಟಳು. ತಾನು ಇಷ್ಟು ದಿನ ಮಾಡಿದ್ದೇನು? ಒಂದು ಮನೆಯ ಮಂದಿಯನ್ನೆಲ್ಲ ಒಂದೇ ಸಾಲಿನಲ್ಲಿ ತುರುಕಲು ಹೋಗಿದ್ದಳು. ಅಗಲ ಮಾಡುವುದೇ ತಪ್ಪಾಗಿತ್ತು. ಒಬ್ಬರಿಗೆ ಒಂದು ಸಾಲು ಕೊಟ್ಟು, ಎಲ್ಲ ಊರಿನ ಮಂದಿಯನ್ನೂ ಒಂದೇ ಫೈಲಿನಲ್ಲಿ ಬಿಟ್ಟು, ಪ್ರತಿಯೊಬ್ಬರ ಕೊರಳಿಗೂ ಮನೆ ನಂಬರು ಕಟ್ಟಿದರೆ ಮುಗಿಯಿತು. ಕಾರ್ಡು ಬೇಕಾದಾಗ ಆ ನಂಬರಿನವರನ್ನು ಕರೆದರೆ ಬರುತ್ತಾರೆ. ಸಾಲುಗಳಿಗೆ ಫಾಕ್ಸ್‌ಪ್ರೋದಲ್ಲಿ ಬರವೇ ಇಲ್ಲ, ನೂರು ಕೋಟಿಯವರೆಗೂ ಹೋಗಬಹುದು. ಡಿಪ್ಲೊಮಾದಲ್ಲಿ ಇದನ್ನೇ ಏನೋ ದೊಡ್ಡ ಹೆಸರಿಟ್ಟು ಪಾಠ ಮಾಡಿದ್ದರು. ಗಾಳೆಮ್ಮ ಅದನ್ನು ಬಾಯಿಪಾಠ ಮಾಡಿ ಪಾಸಾಗಿದ್ದಳು, ಅಷ್ಟೇ.

ಹೇಳಲು ಬಂದದ್ದನ್ನು ಹೇಳದೆ ಅದೇ ಬಸ್ಸಿಗೆ ವಾಪಸು ಓಡಿದಳು. “ಈ ಹುಡುಗಿ ಬರ್ತಾಳ, ಹೋಗ್ತಾಳ, ಏನೂ ತಿಳಿಯಂಗಿಲ್ಲ,” ಎಂದ ಗಾದೆಪ್ಪ ಕರುವಿಗೆ.

ಆರು ದಿನದಲ್ಲಿ ಹಳೆಯದನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದಳು. ಸಮಾರಂಭಕ್ಕೆ ಎರಡು ದಿನ ಇರುವಾಗ ಕಾರ್ಡು ಪ್ರಿಂಟರಿನಿಂದ ಕರಕರ ಎನ್ನುತ್ತ ಹೊರಬಂತು. ಮೊಳದುದ್ದದ ಕಾಗದ, ನಲವತ್ತೆರಡು ಹೆಸರು. ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಅಜ್ಜಿಗೆ ತೋರಿಸಲು ಹೊರಟಳು. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಸಂತೋಷಕ್ಕೆ ಮಂಡಕ್ಕಿ ಮೆಣಸಿನಕಾಯಿ ಹೊಟ್ಟೆ ಬಿರಿಯುವಷ್ಟು ತಿಂದಳು. ತಂಬ್ರಹಳ್ಳಿ ಬಸ್ಸಿನಲ್ಲಿ ಕೂತ ಮೇಲೆ ಕಾಗದ ಬಿಚ್ಚಿ ನೋಡಿದಳು.

ಕಂಪ್ಯೂಟರಿಗೆ ವಯಸ್ಸಿನ ಪ್ರಕಾರ ಜೋಡಿಸು ಎಂದಿದ್ದಳು. ಅದು ಸೊನ್ನೆಯಿಂದ ಶುರು ಮಾಡಿತ್ತು. ಎಲ್ಲಕ್ಕಿಂತ ಮೇಲೆ, ಗೀತಮ್ಮನ ಕೂಸು. ಎಲ್ಲಕ್ಕಿಂತ ಕೆಳಗೆ, ಕರಿಯಕ್ಕ.

ಹಿರಿಯರ ಹೆಸರು ಮೊದಲು ಎಂದು ಅಪ್ಪಣೆ ಮಾಡಿದವಳನ್ನೇ ಕಟ್ಟಕಡೆಗೆ ತಳ್ಳಿದ್ದಾಯಿತು. ಹಿಂದಿರುಗಿ ಹೋಗೋಣವೆಂದರೆ ಬಸ್ಸು ಆಗಲೇ ಊರು ಮುಟ್ಟಿತ್ತು. ಗಾಳೆಮ್ಮನಿಗೆ ಅಪ್ಪನ ಮುಖ ಕಣ್ಮುಂದೆ ಬಂತು, ಅದರ ಹಿಂದೆ ಇಡೀ ಓಣಿ.

ಮೂರು ಗಂಟೆಯಾಗಿತ್ತು. ಕರಿಯಕ್ಕ ಕಟ್ಟೆಗೆ ಬಂದಳು. ಆಕೆಗೆ ಓದು ಬರದು. ಬಾಣಂತಿ ಗೀತಮ್ಮ ತಲೆಗೆ ಬಟ್ಟೆ ಸುತ್ತಿಕೊಂಡು ಹೊಸ್ತಿಲಲ್ಲಿ ನಿಂತು ಗಟ್ಟಿಯಾಗಿ ಓದಿದಳು. ತನ್ನ ಕೂಸು ಮೊದಲು ಬಂದದ್ದನ್ನು ಕಂಡು ಅವಳ ದನಿ ತಡವರಿಸಿತು. ತನ್ನ ಹೆಸರು ಬಂದಾಗ ಅದನ್ನು ಇನ್ನೊಮ್ಮೆ ಓದಿದಳು. ಮೊಮ್ಮಕ್ಕಳು ಬಂದರು, ಸೊಸೆಯರು ಬಂದರು, ಮಕ್ಕಳು ಬಂದರು. ಕೊನೆಗೆ ಮೆಲ್ಲಗೆ, “ನಲವತ್ತೆರಡು. ಕರಿಯಕ್ಕ,” ಎಂದಳು.

“ಅಜ್ಜೀ, ತಪ್ಪಾಗೈತ್ರಿ, ತಿರುವಿ ಹಾಕ್ತೀನಿ, ಒಂದಾ ನಿಮಿಷದ ಕೆಲಸ,” ಎಂದು ಗಾಳೆಮ್ಮ ಗಡಬಡಿಸಿದಳು.

ಕರಿಯಕ್ಕ ಕಾಗದ ಇಸಿದುಕೊಂಡಳು. ಓದಲು ಬರದಿದ್ದರೂ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನೋಡಿದಳು.

“ಏನೂ ತಿರುವಬ್ಯಾಡ. ಎಲ್ಲಾರ್ದೂ ಆದಮ್ಯಾಲೆ ನಂದು. ಸರಿ ಐತಿ. ಐತಾರ ಬರ್ತಾಳಂತ ಹೇಳು ನಿಮ್ಮ ಮಾಸ್ತರಗ.”

ಗಾಳೆಮ್ಮ ಖಾಯಂ ಆದದ್ದು ಆ ಗಳಿಗೆಯಲ್ಲಿ. ಆರ್ಡರು ಕೈಗೆ ಬಂದದ್ದು ಆಮೇಲೆ. ಕಣ್ಣಲ್ಲಿ ನೀರು ಬಂತು, ಧೂಳು ಬಿತ್ತು ಅನ್ನೋಣವೆಂದರೆ ದನಗಳು ಬರುವ ಹೊತ್ತೂ ಆಗಿರಲಿಲ್ಲ. ಚೀಲ ಹೆಗಲಿಗೇರಿಸಿ ಕಟ್ಟೆಯಿಂದ ಎದ್ದಳು.

“ಎಲ್ಲಿಗೆ ಹೊಂಟಿ?” ಕರಿಯಕ್ಕ ಹೊಸ್ತಿಲು ದಾಟುತ್ತ ಬೆರಳು ಎಣಿಸುತ್ತಿದ್ದಳು. “ನಲವತ್ತು ಮಂದಿ ಉಂಡಾರ. ಕೂಸು ಹಾಲು ಕುಡದೈತಿ. ಉಳಿದಾಕಿ ನಾನೊಬ್ಬಾಕಿ. ಒಳಗ ಬಾ, ನಲವತ್ತಮೂರನೇದು ನೀನು.”

ಗಾಳೆಮ್ಮ ಕಟ್ಟೆಯನ್ನೊಮ್ಮೆ ತಿರುಗಿ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ಕರಿಯಕ್ಕ ಎರಡು ತಟ್ಟೆ ಎಳೆದು, ಬುಟ್ಟಿಯಿಂದ ಜೋಳದ ರೊಟ್ಟಿ ತೆಗೆದು ಮೊದಲು ಇವಳ ತಟ್ಟೆಗೆ ಹಾಕಿದಳು. ಪಲ್ಯ ಬಡಿಸಿದಳು, ಮೇಲೆ ಶೇಂಗಾ ಚಟ್ನಿ. ಬಸ್‌ಸ್ಟ್ಯಾಂಡಿನಲ್ಲಿ ತಿಂದ ಮಂಡಕ್ಕಿ ಮೆಣಸಿನಕಾಯಿ ಇನ್ನೂ ಗಂಟಲವರೆಗೆ ಇತ್ತು. ಆ ವಿಷಯವನ್ನು ಗಾಳೆಮ್ಮ ಯಾವ ಕಾಲಮ್ಮಿನಲ್ಲೂ ನಮೂದಿಸದೆ, ಮೂರು ರೊಟ್ಟಿ ಉಂಡಳು.